ಎರಡೇ ತಿಂಗಳ ಅಡ್ವಾನ್ಸ್ ರೂಲು ನಿಜಾನಾ? ನಿಜ ಆದ್ರೂ ಮನೆ ಖಾಲಿ ಮಾಡೋವಾಗಿನ ಜಗಳ ಯಾಕೆ ನಿಲ್ಲಲ್ಲ

ಇನ್ಮೇಲೆ ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಕೇಳೋ ಹಾಗಿಲ್ಲ, ಅಗ್ರಿಮೆಂಟನ್ನ ಎರಡು ತಿಂಗಳೊಳಗೆ ರಿಜಿಸ್ಟರ್ ಮಾಡಿಸ್ಲೇಬೇಕು, ಓನರ್ ಹೇಳದೆ ಕೇಳದೆ ಮನೆ ಒಳಗೆ ಬರೋ ಹಾಗಿಲ್ಲ, ಇದು ಇಡೀ ದೇಶಕ್ಕೆ ಹೊಸ ರೂಲು ಅಂತ ಒಂದು ಸುದ್ದಿ ವಾಟ್ಸಾಪ್ ಗ್ರೂಪುಗಳಲ್ಲಿ ಸುತ್ತತಾನೇ ಇದೆ. ಬೆಂಗಳೂರಲ್ಲಿ ಬಾಡಿಗೆಗೆ ಇರೋರು ಇದನ್ನ ಓದಿ ಖುಷಿಯಾಗಿ ಓನರ್‌ಗೆ ಫಾರ್ವರ್ಡ್ ಮಾಡ್ತಾರೆ, ಓನರ್‌ಗಳು ತಲೆ ಕೆಡಿಸ್ಕೊಂಡು ವಕೀಲರಿಗೆ ಫೋನ್ ಮಾಡ್ತಾರೆ, ಬ್ರೋಕರ್‌ಗಳು ಮಾತ್ರ ಅದೆಲ್ಲ ಇಲ್ಲಿ ನಡಿಯಲ್ಲ ಅಂತ ಹೇಳಿ ಆರು ತಿಂಗಳ ಅಡ್ವಾನ್ಸೇ ಕೇಳ್ತಾರೆ. ಯಾರು ಹೇಳ್ತಿರೋದು ಸರಿ ಅನ್ನೋದನ್ನ ಮೊದಲು ನೋಡೋಣ. ಆದ್ರೆ ಅಡ್ವಾನ್ಸ್ ಎಷ್ಟು ತಿಂಗಳದ್ದು ಅನ್ನೋದಕ್ಕಿಂತ ದೊಡ್ಡ ಸಮಸ್ಯೆ ಬೇರೆ ಇದೆ, ಅದರ ಬಗ್ಗೆ ಈ ಮೆಸೇಜುಗಳಲ್ಲಿ ಒಂದು ಸಾಲೂ ಇರಲ್ಲ. ಮನೆ ಖಾಲಿ ಮಾಡೋ ದಿನ ಯಾವುದಕ್ಕೆ ಎಷ್ಟು ಹಿಡ್ಕೋಬಹುದು ಅಂತ ತೀರ್ಮಾನ ಮಾಡೋಕೆ ನಮ್ಮಲ್ಲಿ ಯಾವ ದಾಖಲೆನೂ ಇರಲ್ಲ, ಆ ದಾಖಲೆ ಹುಟ್ಟಬೇಕಾಗಿರೋದು ಮನೆಗೆ ಹೋದ ದಿನ.

ಸುದ್ದಿಲಿ ಎಷ್ಟು ನಿಜ

ಈ ಮೆಸೇಜುಗಳಲ್ಲಿರೋ ಬಹುತೇಕ ಅಂಶಗಳ ಮೂಲ ಕೇಂದ್ರ ಸರ್ಕಾರದ ಮಾದರಿ ಬಾಡಿಗೆ ಕಾಯ್ದೆ, ಇಂಗ್ಲಿಷಲ್ಲಿ ಮಾಡೆಲ್ ಟೆನೆನ್ಸಿ ಆಕ್ಟ್ ಅಂತಾರಲ್ಲ, ಅದು. 2021ರ ಜೂನ್ 2ನೇ ತಾರೀಕು ಕೇಂದ್ರ ಸಚಿವ ಸಂಪುಟ ಇದಕ್ಕೆ ಒಪ್ಪಿಗೆ ಕೊಡ್ತು. ಅದರಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆ, ಅಂಗಡಿ ಆಫೀಸಿಗೆ ಆರು ತಿಂಗಳ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ತಗೋಬಾರ್ದು ಅಂತ ಇರೋದು ನಿಜ. ಓನರ್ ಒಳಗೆ ಬರಬೇಕಂದ್ರೆ 24 ಗಂಟೆ ಮುಂಚೆ ನೋಟಿಸ್ ಕೊಡಬೇಕು ಅಂತ ಇರೋದೂ ನಿಜ. ಎರಡು ತಿಂಗಳೊಳಗೆ ರಿಜಿಸ್ಟರ್ ಅನ್ನೋದು ಮಾತ್ರ ಸ್ವಲ್ಪ ತಿರುಚಿರೋದು, ಮೂಲದಲ್ಲಿ ಇರೋದು ಅಗ್ರಿಮೆಂಟ್ ಮಾಡ್ಕೊಂಡ ವಿಷಯನ ಎರಡು ತಿಂಗಳೊಳಗೆ ಬಾಡಿಗೆ ಪ್ರಾಧಿಕಾರಕ್ಕೆ ತಿಳಿಸ್ಬೇಕು ಅಂತ.

ಇಲ್ಲೇ ಎಲ್ಲರೂ ಎಡವೋದು. ಅದು ಮಾದರಿ ಅಷ್ಟೇ. ಸಂವಿಧಾನದ ಪ್ರಕಾರ ಓನರ್-ಬಾಡಿಗೆದಾರರ ಸಂಬಂಧ ರಾಜ್ಯಗಳ ಪಟ್ಟಿಲಿ ಬರೋ ವಿಷಯ, ಹಾಗಾಗಿ ಕೇಂದ್ರ ಒಂದು ನಮೂನೆ ಮಾಡಿ ನಿಮ್ಮ ನಿಮ್ಮ ರಾಜ್ಯದಲ್ಲಿ ಇದನ್ನ ತಗೊಂಡು ಕಾಯ್ದೆ ಮಾಡ್ಕೊಳಿ ಅಂತ ಕಳಿಸ್ತು. ಉತ್ತರ ಪ್ರದೇಶದಂಥ ಕೆಲವು ರಾಜ್ಯಗಳು 2021ರಲ್ಲೇ ಹೊಸ ಕಾಯ್ದೆ ತಂದ್ವು. ಕರ್ನಾಟಕದಲ್ಲಿ ಇರೋದು 1999ರ ಬಾಡಿಗೆ ಕಾಯ್ದೆ. ಅಂದ್ರೆ ಎರಡು ತಿಂಗಳ ಮಿತಿ ಬೆಂಗಳೂರಿನ ಮನೆಗಳಿಗೆ ಕಾನೂನಾಗಿ ಬಂದಿಲ್ಲ. ನಾಳೆ ಇಲ್ಲೂ ಆ ಮಾದರಿನೇ ತಗೊಂಡ್ರು ಅಂತ ಇಟ್ಕೊಂಡ್ರೂ, ಅದರಲ್ಲೇ ಇರೋ ಪ್ರಕಾರ ಅದು ಆಮೇಲೆ ಮಾಡ್ಕೊಳೋ ಅಗ್ರಿಮೆಂಟುಗಳಿಗೆ ಮಾತ್ರ, ಈಗಾಗಲೇ ಕೊಟ್ಟಿರೋ ಅಡ್ವಾನ್ಸಿಗೆ ಸಂಬಂಧ ಇಲ್ಲ.

ಹಾಗಾದ್ರೆ ನಿಮ್ಮ ಮನೆಗೆ ಅನ್ವಯ ಆಗೋ ಕಾನೂನು ಯಾವುದು

1999ರ ಕಾಯ್ದೆ ಇದೆಯಲ್ಲ ಅಂತ ಸಮಾಧಾನ ಪಟ್ಕೊಳೋ ಹಾಗೂ ಇಲ್ಲ. ಆ ಕಾಯ್ದೆ ಬೆಂಗಳೂರಂಥ ಊರಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಬಾಡಿಗೆಗೆ ಅನ್ವಯ ಆಗಲ್ಲ. ಈಗ 3,500ಕ್ಕೆ ಒಂದು ರೂಮೂ ಸಿಗೋದು ಕಷ್ಟ, ಅದರಿಂದ ಬಾಡಿಗೆಗೆ ಇರೋ ಬಹುತೇಕ ಎಲ್ಲರೂ ಆ ಕಾಯ್ದೆಯ ಹೊರಗೇ ಇದಾರೆ. ಹಾಗೆ ಹೊರಗಿರೋರಿಗೆಲ್ಲ ಇರೋದು 1882ರ ಆಸ್ತಿ ವರ್ಗಾವಣೆ ಕಾಯ್ದೆ, ಜೊತೆಗೆ ಸ್ಟಾಂಪ್ ಪೇಪರ್ ಮೇಲೆ ಟೈಪ್ ಮಾಡಿಸಿರೋ ಆ ಹನ್ನೊಂದು ತಿಂಗಳ ಅಗ್ರಿಮೆಂಟು. ಹನ್ನೊಂದೇ ತಿಂಗಳು ಯಾಕೆ ಅಂದ್ರೆ ವರ್ಷಕ್ಕಿಂತ ಜಾಸ್ತಿ ಅವಧಿದು ಆದ್ರೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸ್ಲೇಬೇಕಾಗತ್ತೆ, ಆ ಖರ್ಚು ಓಡಾಟ ಯಾರಿಗೂ ಬೇಡ.

1882ರ ಕಾಯ್ದೆ ಹಳೇದಾದ್ರೂ ಅದರ 108ನೇ ಸೆಕ್ಷನ್‌ನಲ್ಲಿ ನಮ್ಮ ಜಗಳಕ್ಕೆ ನೇರವಾಗಿ ಬೇಕಾದ ಮಾತಿದೆ. ಬಾಡಿಗೆಗೆ ಬಂದೋರು ಮನೆನ ತಾವು ತಗೊಂಡಾಗ ಯಾವ ಸ್ಥಿತಿಲಿ ಇತ್ತೋ ಅದೇ ಸ್ಥಿತಿಲಿ ವಾಪಸ್ ಕೊಡಬೇಕು, ಆದ್ರೆ ಸಹಜವಾಗಿ ಆಗೋ ಸವೆತ, ಯಾರ ಕೈಲೂ ತಡಿಯೋಕಾಗದ ಪ್ರಕೃತಿ ವಿಕೋಪದಂಥದ್ದು, ಇವೆರಡಕ್ಕೆ ಅವರು ಜವಾಬ್ದಾರರಲ್ಲ. ಓನರ್ ಸಮಂಜಸವಾದ ಹೊತ್ತಲ್ಲಿ ಬಂದು ಮನೆ ಹೇಗಿದೆ ಅಂತ ನೋಡಬಹುದು, ಏನಾದ್ರೂ ಹಾಳಾಗಿದ್ರೆ ನೋಟಿಸ್ ಕೊಡಬಹುದು, ಅದು ಬಾಡಿಗೆಯವರ ತಪ್ಪಿಂದ ಆಗಿದ್ರೆ ಅವರು ಮೂರು ತಿಂಗಳೊಳಗೆ ಸರಿ ಮಾಡಿಸ್ಬೇಕು. ಅಂದ್ರೆ ಮನೆ ನೋಡೋ ಪದ್ಧತಿ ಯಾವುದೋ ಫಾರಿನ್ ಐಡಿಯಾ ಏನಲ್ಲ, ನೂರ ನಲವತ್ತು ವರ್ಷದಿಂದ ನಮ್ಮ ಕಾನೂನಲ್ಲೇ ಇದೆ, ನಾವು ಬಳಸ್ತಿಲ್ಲ ಅಷ್ಟೇ.

ಇದೇ ಸೆಕ್ಷನ್ ಶುರುವಾಗೋದು ಒಂದು ಷರತ್ತಿಂದ, ಅದನ್ನ ಯಾರೂ ಮರಿಬಾರ್ದು. ಬೇರೆ ಥರ ಕರಾರು ಇಲ್ಲದಿದ್ರೆ, ಆ ಊರಿನ ರೂಢಿ ಬೇರೆ ಇಲ್ಲದಿದ್ರೆ ಮಾತ್ರ ಈ ನಿಯಮಗಳು. ಖಾಲಿ ಮಾಡೋವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯಲಾಗುವುದು ಅಂತ ಅಗ್ರಿಮೆಂಟಲ್ಲಿ ಬರೆದು ನೀವು ಸೈನ್ ಹಾಕಿದ್ರೆ, ಆಮೇಲೆ ಸಹಜ ಸವೆತದ ಮಾತು ಎತ್ತೋದು ತುಂಬಾ ಕಷ್ಟ. ಬರೆದಿಲ್ಲ ಅಂದ್ರೂ ಬೆಂಗಳೂರಲ್ಲಿ ಎಲ್ಲಾ ಕಡೆ ಇದೇ ನಡಿಯೋದು ಅಂತ ಓನರ್ ರೂಢಿಯ ವಾದ ಹೂಡಬಹುದು. ಅಗ್ರಿಮೆಂಟಿನ ಆ ಒಂದು ಸಾಲು 25 ಸಾವಿರ, 40 ಸಾವಿರ ರೂಪಾಯಿ ಬೆಲೆದು, ಆದ್ರೆ ಅಗ್ರಿಮೆಂಟು ಕೈಗೆ ಬರೋದು ಅಡ್ವಾನ್ಸ್ ಕೊಟ್ಟು, ಲಾರಿ ಬುಕ್ ಮಾಡಿ, ಹಾಲು ಉಕ್ಕಿಸೋ ದಿನ ಗೊತ್ತು ಮಾಡಿದ ಮೇಲೆ. ಆಗ ಓದಿ ಬೇಡ ಅನ್ನೋ ಧೈರ್ಯ ಯಾರಿಗಿರತ್ತೆ ಹೇಳಿ.

ಕೀ ವಾಪಸ್ ಕೊಡೋ ದಿನ

ಮಾಮೂಲಿ ಹೇಗೆ ನಡಿಯತ್ತೆ ಅಂತ ನೋಡಿ. ಸಾಮಾನೆಲ್ಲ ಲಾರಿಗೆ ಹೋದ್ಮೇಲೆ ಓನರ್ ಬರ್ತಾರೆ. ಖಾಲಿ ಮನೆ ಯಾವಾಗ್ಲೂ ತುಂಬಿದ ಮನೆಗಿಂತ ಹಾಳಾಗಿ ಕಾಣತ್ತೆ. ಸೋಫಾ ಇದ್ದ ಗೋಡೆಲಿ ತಲೆ ಒರಗಿದ ಎಣ್ಣೆ ಕಲೆ, ಫ್ರಿಡ್ಜ್ ಹಿಂದೆ ಕಪ್ಪು ಗೆರೆ, ದೇವರ ಮನೆಲಿ ದೀಪದ ಹೊಗೆ, ಕ್ಯಾಲೆಂಡರ್ ಮೊಳೆ ತೂತು, ಬಾತ್ರೂಮ್ ಬಾಗಿಲ ಕೆಳಗೆ ನೀರು ಕುಡಿದು ಉಬ್ಬಿರೋ ಪ್ಲೈವುಡ್, ಸಿಂಕ್ ಕೆಳಗಿನ ಕ್ಯಾಬಿನೆಟ್ ಹಿಂಜ್ ಕಿತ್ತಿರೋದು. ಇದರಲ್ಲಿ ಯಾವುದು ಮೊದಲೇ ಇತ್ತು, ಯಾವುದು ಮೂರು ವರ್ಷ ವಾಸ ಮಾಡಿದ್ರೆ ಯಾರಿದ್ರೂ ಆಗ್ತಿತ್ತು, ಯಾವುದು ಇವರು ನೋಡ್ಕೊಳ್ದೇ ಹಾಳು ಮಾಡಿದ್ದು ಅಂತ ಹೇಳೋಕೆ ಒಬ್ಬರ ಹತ್ರನೂ ಕಾಗದ ಇರಲ್ಲ. ಅಗ್ರಿಮೆಂಟಲ್ಲಿ ಎರಡು ಫ್ಯಾನು, ನಾಕು ಟ್ಯೂಬ್‌ಲೈಟು, ಒಂದು ಗೀಸರ್ ಅಂತ ಒಂದು ಪಟ್ಟಿ ಇರತ್ತೆ, ಅವು ಯಾವ ಸ್ಥಿತಿಲಿದ್ವು ಅಂತ ಇರಲ್ಲ.

ಆಗ ಗೆಲ್ಲೋದು ದುಡ್ಡು ಯಾರ ಕೈಲಿದೆಯೋ ಅವರು. 25 ಸಾವಿರ ಬಾಡಿಗೆ ಮನೆಗೆ ಆರು ತಿಂಗಳ ಲೆಕ್ಕದಲ್ಲಿ ಒಂದೂವರೆ ಲಕ್ಷ ಓನರ್ ಹತ್ರ ಇರತ್ತೆ, ಇನ್ನು ಹಳೇ ರೂಢಿಯ ಹತ್ತು ತಿಂಗಳ ಅಡ್ವಾನ್ಸ್ ಆದ್ರೆ ಎರಡೂವರೆ ಲಕ್ಷ. ಬಾಡಿಗೆಯವರಿಗೆ ಹೊಸ ಮನೆ ಓನರ್‌ಗೆ ಅಡ್ವಾನ್ಸ್ ಕೊಡೋಕೆ ಈ ದುಡ್ಡೇ ಬೇಕು. ಅದರಿಂದ 40 ಸಾವಿರ ಹಿಡ್ಕೊಂಡು ಉಳಿದದ್ದು ಕೊಡ್ತೀನಿ ಅಂದ್ರೆ ಜಗಳ ಆಡೋಕೆ ಆಗದೇ ಒಪ್ಕೊಂಡು ಹೋಗ್ತಾರೆ. ಕೆಲಸ ಬಿಟ್ಟು ಬೇರೆ ಊರಿಗೆ ಹೋಗ್ತಿರೋರಂತೂ ಪೂರ್ತಿ ಕೈ ಚೆಲ್ಲಿಬಿಡ್ತಾರೆ.

ಇದಕ್ಕೆ ಇನ್ನೊಂದು ಕಾರಣ ಸೇರ್ಕೊಳತ್ತೆ. ಎಷ್ಟೋ ಓನರ್‌ಗಳು ಅಡ್ವಾನ್ಸ್ ದುಡ್ಡನ್ನ ತೆಗೆದಿಟ್ಟಿರಲ್ಲ. ಮೇಲಿನ ಫ್ಲೋರ್ ಕಟ್ಟೋಕೋ, ಲೋನ್ ತೀರಿಸೋಕೋ, ಮಗಳ ಮದುವೆಗೋ ಅದು ಯಾವತ್ತೋ ಖರ್ಚಾಗಿರತ್ತೆ. ಹಾಗಾಗಿ ಹಳಬರಿಗೆ ವಾಪಸ್ ಕೊಡೋದು ಹೊಸಬರು ಬಂದು ಅಡ್ವಾನ್ಸ್ ಕೊಟ್ಟ ಮೇಲೆ. ಹೊಸಬರು ಬರೋದು ತಡ ಆದ್ರೆ ವಾಪಸ್ ಕೊಡೋದೂ ತಡ, ಹೊಸಬರಿಗೆ ಮನೆ ಚೆನ್ನಾಗಿ ಕಾಣ್ಲಿ ಅಂತ ಮಾಡಿಸೋ ಪೇಂಟಿಂಗ್, ಕ್ಲೀನಿಂಗ್ ಖರ್ಚೂ ಹಳಬರ ಲೆಕ್ಕಕ್ಕೇ ಹೋಗತ್ತೆ. ಇದು ಕೆಟ್ಟ ಮನಸ್ಸಿಂದ ಆಗತ್ತೆ ಅಂತ ಅಲ್ಲ, ದುಡ್ಡು ಕೈಲಿಲ್ಲದಾಗ ಕಡಿಮೆ ವಾಪಸ್ ಕೊಡೋಕೆ ಕಾರಣ ಹುಡುಕೋ ಹಾಗಾಗತ್ತೆ. ಲೀಸ್ ಅಥವಾ ಭೋಗ್ಯಕ್ಕೆ ಹತ್ತು ಹದಿನೈದು ಲಕ್ಷ ಕೊಟ್ಟಿರೋರಿಗೆ ಇದೇ ಸಮಸ್ಯೆ ಇನ್ನೂ ಜೋರಾಗಿ ತಟ್ಟತ್ತೆ.

ಓನರ್‌ಗಳ ವಾದದಲ್ಲೂ ಹುರುಳಿದೆ

ಓನರ್ ಅಂದ ತಕ್ಷಣ ದುಡ್ಡಿನ ಆಸೆ ಅಂತ ತಳ್ಳಿ ಹಾಕೋದು ಸರಿಯಲ್ಲ. ಬೆಂಗಳೂರಲ್ಲಿ ಬಾಡಿಗೆಗೆ ಕೊಡೋರಲ್ಲಿ ಒಂದೇ ಒಂದು ಮನೆ ಇಟ್ಕೊಂಡು ಆ ಬಾಡಿಗೆ ಮೇಲೇ ಬದುಕೋ ರಿಟೈರ್ಡ್ ದಂಪತಿಗಳು ತುಂಬಾ ಜನ ಇದಾರೆ. ಬಾಡಿಗೆ ಕೊಡದೇ ಕೂತ್ಕೊಂಡ್ರೆ ಕೋರ್ಟಿಗೆ ಹೋಗಿ ಬಿಡಿಸೋಕೆ ವರ್ಷಗಟ್ಟಲೆ ಹಿಡಿಯತ್ತೆ, ಅಲ್ಲಿವರೆಗೂ ಇರೋ ಒಂದೇ ರಕ್ಷಣೆ ಅಡ್ವಾನ್ಸ್. ಕರೆಂಟ್ ಬಿಲ್ಲು, ನೀರಿನ ಬಿಲ್ಲು, ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ ಬಾಕಿ ಉಳಿಸಿ ಹೋದ್ರೆ ಆಮೇಲೆ ಅವರನ್ನ ಎಲ್ಲಿ ಹುಡುಕೋದು. ಲಕ್ಷಾಂತರ ಹಾಕಿ ಮಾಡಿಸಿದ ಮಾಡ್ಯುಲರ್ ಕಿಚನ್ ಎರಡು ವರ್ಷಕ್ಕೆ ಹಾಳಾಗಿ ಕೂತಿದ್ರೆ ಎರಡು ತಿಂಗಳ ಬಾಡಿಗೆ ಯಾವ ಮೂಲೆಗೆ ಸಾಲತ್ತೆ. ಈ ಪ್ರಶ್ನೆಗಳಿಗೆ ಉತ್ತರ ಕೊಡದೇ ಬರೀ ಮಿತಿ ಹಾಕಿ ಅಂದ್ರೆ ಅವರು ಒಪ್ಪಲ್ಲ, ಒಪ್ಪಬೇಕಾಗೂ ಇಲ್ಲ.

ಜೊತೆಗೆ ಬಾಡಿಗೆಯವರ ಕಡೆಯಿಂದ ಬೆಳೆದಿರೋ ಒಂದು ಅಭ್ಯಾಸ ಓನರ್‌ಗಳ ಭಯನ ಜಾಸ್ತಿ ಮಾಡಿದೆ. ಹೆಂಗಿದ್ರೂ ಪೂರ್ತಿ ವಾಪಸ್ ಕೊಡಲ್ಲ ಅಂತ ಕೊನೆ ಎರಡು ಮೂರು ತಿಂಗಳು ಬಾಡಿಗೆ ಕೊಡದೇ ಅಡ್ವಾನ್ಸಲ್ಲಿ ಅಡ್ಜಸ್ಟ್ ಮಾಡ್ಕೊಳಿ ಅಂದುಬಿಡ್ತಾರೆ. ಒಬ್ಬರು ಹಾಗೆ ಮಾಡಿದ್ರೆ ಓನರ್ ಮುಂದಿನೋರ ಹತ್ರ ಇನ್ನೂ ಜಾಸ್ತಿ ಅಡ್ವಾನ್ಸ್ ಕೇಳ್ತಾರೆ, ಜಾಸ್ತಿ ದುಡ್ಡು ಸಿಕ್ಕಾಕೊಂಡಿದೆ ಅಂತ ಆ ಮುಂದಿನೋರು ಇನ್ನೂ ಬೇಗ ಅಡ್ಜಸ್ಟ್ ಮಾಡೋಕೆ ಶುರು ಮಾಡ್ತಾರೆ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇಲ್ಲ, ನಂಬಿಕೆ ಇಲ್ಲದ ಜಾಗದಲ್ಲಿ ಇರಬೇಕಾದ ದಾಖಲೆನೂ ಇಲ್ಲ.

ಸವೆತ ಯಾವುದು, ಡ್ಯಾಮೇಜ್ ಯಾವುದು

ಇದು ಇಡೀ ವಿಷಯದ ತಿರುಳು, ಇದನ್ನ ನಿಧಾನವಾಗಿ ನೋಡಬೇಕು. ಸಹಜ ಸವೆತ ಅಂದ್ರೆ ಸಾಮಾನ್ಯ ಮನುಷ್ಯರು ಸಾಮಾನ್ಯವಾಗಿ ವಾಸ ಮಾಡಿದ್ರೂ ಕಾಲ ಕಳೆದ ಹಾಗೆ ಆಗೋದು. ಬಿಸಿಲಿಗೆ ಬಣ್ಣ ಮಂಕಾಗೋದು, ಓಡಾಡೋ ಜಾಗದಲ್ಲಿ ಟೈಲ್ಸ್ ಹೊಳಪು ಹೋಗೋದು, ನಲ್ಲಿ ವಾಷರ್ ಸವೆಯೋದು. ಡ್ಯಾಮೇಜ್ ಅಂದ್ರೆ ಗೋಡೆಗೆ ಟಿವಿ ಹಾಕೋಕೆ ಡ್ರಿಲ್ ಮಾಡಿ ಪ್ಲಾಸ್ಟರ್ ಕಿತ್ತು ಬಂದಿರೋದು, ಗ್ರಾನೈಟ್ ಒಡೆದಿರೋದು, ವಾರ್ಡ್ರೋಬ್ ಬಾಗಿಲು ಮುರಿದಿರೋದು. ಹೇಳೋಕೆ ಸುಲಭ, ಆದ್ರೆ ಬೆಂಗಳೂರಲ್ಲಿ ಬರೋ ಕೇಸುಗಳು ಇವೆರಡರ ಮಧ್ಯದಲ್ಲೇ ಇರತ್ತೆ.

ನೀರಿನ ವಿಷಯನೇ ತಗೊಳಿ. ಮಹದೇವಪುರ, ವೈಟ್‌ಫೀಲ್ಡ್ ಕಡೆ ಬೋರ್‌ವೆಲ್ ನೀರೇ ಗತಿ ಆಗಿರೋ ಎಷ್ಟೋ ಕಟ್ಟಡಗಳಲ್ಲಿ ಗಡಸು ನೀರು ಬರತ್ತೆ. ಅದರಿಂದ ನಲ್ಲಿ ಮೇಲೆ ಬಿಳಿ ಪೊರೆ ಕಟ್ಟತ್ತೆ, ಶವರ್ ತೂತು ಮುಚ್ಚಿಕೊಳತ್ತೆ, ಗೀಸರ್ ಒಳಗೆ ಸುಣ್ಣ ಕೂತು ಕಾಯಿಲ್ ಸುಟ್ಟು ಹೋಗತ್ತೆ. ಓನರ್ ಕಣ್ಣಿಗೆ ಇದು ಬಾತ್ರೂಮ್ ತೊಳೆಯದ ಲಕ್ಷಣ, ಗೀಸರ್ ಹಾಳು ಮಾಡಿದಾರೆ ಅನ್ನೋ ಸಾಕ್ಷಿ. ಆದ್ರೆ ಆ ನೀರು ಕಟ್ಟಡದ್ದು, ಆ ನೀರಿಂದ ಆಗೋ ಸವೆತನ ವಾಸ ಮಾಡಿದೋರ ತಲೆಗೆ ಪೂರ್ತಿ ಕಟ್ಟೋದು ನ್ಯಾಯ ಅಲ್ಲ. ಅದೇ ಥರ ಮಳೆಗಾಲದಲ್ಲಿ ಟೆರೇಸ್ ಕೆಳಗಿನ ಮನೆಲಿ ಸೀಪೇಜ್ ಆಗಿ ಗೋಡೆ ಉಬ್ಬಿ ಬಣ್ಣ ಉದುರಿದ್ರೆ ಅದು ಕಟ್ಟಡದ ದೋಷ. ಆದ್ರೆ ಸೀಪೇಜ್ ಶುರುವಾದಾಗ ಬಾಡಿಗೆಯವರು ಒಂದು ಮೆಸೇಜೂ ಹಾಕದೇ ವಾರ್ಡ್ರೋಬ್ ಪೂರ್ತಿ ಕೊಳೆಯೋವರೆಗೂ ಸುಮ್ನಿದ್ರೆ ಆ ಭಾಗಕ್ಕೆ ಅವರೂ ಹೊಣೆ ಅಂತ ಓನರ್ ಹೇಳೋದು ತಪ್ಪಲ್ಲ.

ಪೇಂಟಿಂಗ್ ಲೆಕ್ಕದಲ್ಲೂ ಜನ ಒಂದು ಮುಖ್ಯ ವಿಷಯ ಬಿಟ್ಟುಬಿಡ್ತಾರೆ, ಅದು ವಸ್ತುವಿನ ಆಯುಷ್ಯ. ಒಂದು ಉದಾಹರಣೆ ಲೆಕ್ಕ ಹಾಕೋಣ. ಹಾಲ್‌ಗೆ ಬಾಡಿಗೆಯವರು ಬರೋ ಮುಂಚೆ ಹೊಸ ಬಣ್ಣ ಹೊಡೆಸೋಕೆ 20 ಸಾವಿರ ಆಗಿದೆ, ಆ ಬಣ್ಣ ನಾಕು ವರ್ಷ ಬಾಳತ್ತೆ ಅಂತ ಇಟ್ಕೊಳಿ. ಅಂದ್ರೆ ವರ್ಷಕ್ಕೆ 5 ಸಾವಿರದಷ್ಟು ಬಣ್ಣ ತಾನಾಗೇ ಸವೆಯತ್ತೆ. ಬಾಡಿಗೆಯವರ ಮಗು ಗೋಡೆ ತುಂಬ ಕ್ರೇಯಾನ್ ಗೀಚಿದೆ, ಇದು ಡ್ಯಾಮೇಜೇ, ಒಪ್ಪೋಣ. ಆದ್ರೆ ಅವರು ಮೂರು ವರ್ಷ ಇದ್ದು ಹೋಗ್ತಿದಾರೆ ಅಂದ್ರೆ ಆ ಬಣ್ಣದಲ್ಲಿ ಉಳಿದಿದ್ದೇ ಒಂದು ವರ್ಷದ ಆಯುಷ್ಯ, ಅಂದ್ರೆ ಓನರ್‌ಗೆ ನಿಜವಾಗಿ ಆದ ನಷ್ಟ 5 ಸಾವಿರ. ಪೂರ್ತಿ 20 ಸಾವಿರ ಹಿಡಿದ್ರೆ ಹಳೇ ಬಣ್ಣಕ್ಕೆ ಹೊಸ ಬಣ್ಣದ ದುಡ್ಡು ತಗೊಂಡ ಹಾಗೆ. ಅವರು ಬಂದು ಆರೇ ತಿಂಗಳಿಗೆ ಖಾಲಿ ಮಾಡ್ತಿದಾರೆ ಅಂದ್ರೆ ಇದೇ ಲೆಕ್ಕದಲ್ಲಿ 17,500 ಅವರು ಕೊಡಬೇಕಾಗತ್ತೆ. ಲೆಕ್ಕ ಇಬ್ಬರ ಪರವೂ ಅಲ್ಲ, ಆದ್ರೆ ಈ ಲೆಕ್ಕ ಹಾಕಬೇಕಂದ್ರೆ ಬಣ್ಣ ಯಾವಾಗ ಹೊಡೆಸಿದ್ದು ಅಂತ ಮೊದಲ ದಿನ ಬರೆದಿಟ್ಟಿರಬೇಕು.

ಕೇಂದ್ರದ ಮಾದರಿ ಕಾಯ್ದೆಲಿ ನನಗೆ ಎರಡು ತಿಂಗಳ ಮಿತಿಗಿಂತ ಬೆಲೆ ಬಾಳೋದು ಅನ್ಸೋದು ಅದರ ಕೊನೇಲಿರೋ ರಿಪೇರಿ ಪಟ್ಟಿ. ಗೋಡೆಗೆ ಸುಣ್ಣ ಬಣ್ಣ, ಬಾಗಿಲು ಕಿಟಕಿ ಪೇಂಟಿಂಗ್, ಪೈಪ್ ಬದಲಾಯಿಸೋದು, ವೈರಿಂಗ್, ಕಟ್ಟಡದ ರಿಪೇರಿ ಇವೆಲ್ಲ ಓನರ್ ಕಡೆಗೆ ಹಾಕಿದಾರೆ. ನಲ್ಲಿ ಮತ್ತು ವಾಷರ್, ಡ್ರೈನ್ ಕ್ಲೀನಿಂಗ್, ಗೀಸರ್ ರಿಪೇರಿ, ಸ್ವಿಚ್ಚು ಸಾಕೆಟ್ಟು, ಚಿಲಕ ಬೀಗ, ಸೊಳ್ಳೆ ಜಾಲರಿ, ಕಿಟಕಿ ಗಾಜು ಬಾಡಿಗೆಯವರ ಕಡೆಗೆ. ಎಲ್ಲರೂ ಇದನ್ನ ಒಪ್ಪಲ್ಲ, ಗಡಸು ನೀರಿನ ಊರಲ್ಲಿ ಗೀಸರ್ ಪೂರ್ತಿ ಬಾಡಿಗೆಯವರ ಮೇಲೆ ಹಾಕಿರೋದು ಚರ್ಚೆ ಆಗಬೇಕಾದ್ದು. ಆದ್ರೂ ಕಾಗದದ ಮೇಲೆ ಯಾರದ್ದು ಏನು ಅಂತ ಗೆರೆ ಎಳೆದಿದಾರಲ್ಲ, ಅದೇ ದೊಡ್ಡ ವಿಷಯ. ಪೇಂಟಿಂಗ್ ಓನರ್ ಜವಾಬ್ದಾರಿ ಅನ್ನೋ ಆ ಒಂದು ಸಾಲು ಬೆಂಗಳೂರಿನ ಒಂದು ತಿಂಗಳ ಬಾಡಿಗೆ ಕಟ್ ಅನ್ನೋ ರೂಢಿಗೆ ನೇರ ಎದುರು ನಿಲ್ಲತ್ತೆ.

ಬೇರೆ ಕಡೆ ಹೇಗೆ ಬಗೆಹರಿಸಿದ್ರು

ಇಂಗ್ಲೆಂಡಲ್ಲಿ 2007ರ ಏಪ್ರಿಲ್‌ನಿಂದ ಓನರ್ ಡೆಪಾಸಿಟ್ ತಗೊಂಡು ಸುಮ್ನೆ ಇಟ್ಕೊಳೋ ಹಾಗಿಲ್ಲ, ಸರ್ಕಾರ ಒಪ್ಪಿರೋ ಒಂದು ಸ್ಕೀಮಲ್ಲಿ ಅದನ್ನ ಭದ್ರ ಮಾಡಬೇಕು, ಮಾಡದಿದ್ರೆ ಕೋರ್ಟು ಡೆಪಾಸಿಟ್‌ನ ಒಂದರಿಂದ ಮೂರು ಪಟ್ಟು ಕೊಡಿಸಬಹುದು. ಜಗಳ ಬಂದ್ರೆ ಆ ಸ್ಕೀಮಲ್ಲೇ ಮೂರನೇಯವರು ಕೂತು ದಾಖಲೆ ನೋಡಿ ತೀರ್ಪು ಕೊಡ್ತಾರೆ, ಡೆಪಾಸಿಟ್ ಬಾಡಿಗೆಯವರ ದುಡ್ಡು ಅಂತಲೇ ಶುರು ಮಾಡೋದು, ಹಿಡ್ಕೋಬೇಕಂದ್ರೆ ಕಾರಣ ತೋರಿಸಬೇಕಾದ್ದು ಓನರ್. ಮೊದಲ ದಿನದ ಪಟ್ಟಿ ಇಲ್ಲದಿದ್ರೆ ಕಾರಣ ತೋರಿಸೋದು ಕಷ್ಟ, ಅದರಿಂದ ಅಲ್ಲಿ ಓನರ್‌ಗಳೇ ಮುಂದೆ ನಿಂತು ಪ್ರತಿ ರೂಮಿನ ಫೋಟೋ ಪಟ್ಟಿ ಮಾಡಿಸ್ತಾರೆ. ಡೆಪಾಸಿಟ್‌ಗೆ ಹೆಚ್ಚಿನ ಮನೆಗಳಲ್ಲಿ ಐದು ವಾರದ ಬಾಡಿಗೆಯ ಮಿತಿ ಬಂದಿದ್ದು ಆಮೇಲೆ, 2019ರಲ್ಲಿ. ಈ ಕ್ರಮ ಗಮನಿಸಬೇಕು, ಮೊದಲು ದಾಖಲೆ ಮತ್ತು ತೀರ್ಪಿನ ವ್ಯವಸ್ಥೆ, ಆಮೇಲೆ ಮಿತಿ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಖಾಲಿ ಮಾಡಿ 21 ದಿನದೊಳಗೆ ದುಡ್ಡು ಅಥವಾ ಯಾವುದಕ್ಕೆ ಎಷ್ಟು ಹಿಡಿದ್ವಿ ಅನ್ನೋ ಪಟ್ಟಿ ಕೊಡಬೇಕು. 2025ರಿಂದ ಓನರ್ ಫೋಟೋ ತೆಗಿಯೋದೂ ಕಡ್ಡಾಯ, ಮನೆ ಕೊಡೋವಾಗ, ಖಾಲಿ ಆದಾಗ, ರಿಪೇರಿ ಮಾಡಿಸಿದ ಮೇಲೆ. ಅಲ್ಲಿ ಇನ್ನೊಂದು ಒಳ್ಳೆ ಪದ್ಧತಿ ಇದೆ, ಖಾಲಿ ಮಾಡೋಕೆ ಎರಡು ವಾರ ಇರೋವಾಗಲೇ ಒಂದು ಸಲ ಮನೆ ನೋಡಿ ಅಂತ ಬಾಡಿಗೆಯವರು ಕೇಳಬಹುದು, ಓನರ್ ಪಟ್ಟಿ ಕೊಡಬೇಕು, ಅದನ್ನ ತಾವೇ ಸರಿ ಮಾಡಿಸೋ ಅವಕಾಶ ಬಾಡಿಗೆಯವರಿಗೆ ಸಿಗತ್ತೆ. ಮುರಿದ ಹಿಂಜ್‌ನ ನೀವೇ ಕಾರ್ಪೆಂಟರ್ ಕರೆಸಿ ಹಾಕಿಸೋದಕ್ಕೂ, ಆಮೇಲೆ ಕಾರ್ಪೆಂಟರ್ ಖರ್ಚು ಅಂತ ಓನರ್ ಹೇಳಿದಷ್ಟು ಬಿಡೋದಕ್ಕೂ ಎಷ್ಟು ವ್ಯತ್ಯಾಸ ಅಂತ ಬೇರೆ ಹೇಳಬೇಕಾಗಿಲ್ಲ. ಫ್ರಾನ್ಸಲ್ಲಿ ಬಂದ ದಿನದ ಪಟ್ಟಿ, ಹೋದ ದಿನದ ಪಟ್ಟಿ ಎರಡೂ ಒಂದೇ ಥರ ಇದ್ರೆ ಒಂದು ತಿಂಗಳೊಳಗೆ ದುಡ್ಡು ವಾಪಸ್, ವ್ಯತ್ಯಾಸ ಇದ್ರೆ ಎರಡು ತಿಂಗಳು.

ಇಲ್ಲಿ ಬರೀ ಮಿತಿ ತಂದ್ರೆ ಏನಾಗಬಹುದು

ದಾಖಲೆ, ತೀರ್ಪಿನ ವ್ಯವಸ್ಥೆ ಯಾವುದೂ ಇಲ್ಲದೇ ಎರಡು ತಿಂಗಳ ಮಿತಿ ಮಾತ್ರ ಬಂದ್ರೆ ಪರಿಣಾಮ ಹೇಗಿರಬಹುದು ಅಂತ ಊಹಿಸೋದು ಕಷ್ಟ ಅಲ್ಲ. ಊರಿಗೆ ಹೊಸದಾಗಿ ಬರೋರಿಗೆ ಖಂಡಿತ ಅನುಕೂಲ, ಒಂದೂವರೆ ಲಕ್ಷದ ಜಾಗದಲ್ಲಿ 50 ಸಾವಿರ ಹೊಂದಿಸಿದ್ರೆ ಸಾಕು. ಆದ್ರೆ ತಮ್ಮ ರಕ್ಷಣೆ ಕಡಿಮೆ ಆಯ್ತು ಅಂತ ಓನರ್‌ಗಳು ಬೇರೆ ದಾರಿ ಹುಡುಕ್ತಾರೆ. ಬಾಡಿಗೆ ಜಾಸ್ತಿ ಮಾಡಬಹುದು, ಮೇಂಟೆನೆನ್ಸ್ ಅಥವಾ ಫರ್ನಿಚರ್ ಅಂತ ಬೇರೆ ಹೆಸರಲ್ಲಿ ದುಡ್ಡು ತಗೋಬಹುದು, ಎರಡು ತಿಂಗಳದ್ದು ಅಗ್ರಿಮೆಂಟಲ್ಲಿ ಬರೆದು ಉಳಿದದ್ದು ಕ್ಯಾಶಲ್ಲಿ ಕೇಳಬಹುದು, ಹಾಗೆ ಕ್ಯಾಶಲ್ಲಿ ಕೊಟ್ಟ ದುಡ್ಡಿಗೆ ಆಮೇಲೆ ಯಾವ ಸಾಕ್ಷಿನೂ ಇರಲ್ಲ. ಇನ್ನೂ ಬೇಜಾರಿನ ವಿಷಯ ಏನಂದ್ರೆ ಯಾರಿಗೆ ಮನೆ ಕೊಡಬೇಕು ಅನ್ನೋದ್ರಲ್ಲಿ ಇನ್ನಷ್ಟು ಬಿಗಿ ಆಗ್ತಾರೆ, ಈಗಾಗಲೇ ಮನೆ ಸಿಗದೇ ಒದ್ದಾಡೋ ಬ್ಯಾಚುಲರ್‌ಗಳು, ಒಂಟಿ ಹೆಣ್ಮಕ್ಕಳು, ಬೇರೆ ಧರ್ಮದೋರು ಮೊದಲು ಹೊಡೆತ ತಿಂತಾರೆ.

ಮತ್ತೆ ಮೂಲ ಜಗಳ ಹಾಗೇ ಉಳಿಯತ್ತೆ. ಎರಡು ತಿಂಗಳ ಅಡ್ವಾನ್ಸಲ್ಲಿ ಒಂದು ತಿಂಗಳು ಪೇಂಟಿಂಗಿಗೆ, ಉಳಿದದ್ದು ಕ್ಲೀನಿಂಗ್ ಮತ್ತು ರಿಪೇರಿಗೆ ಅಂದ್ರೆ ಕೈಗೆ ಬರೋದು ಸೊನ್ನೆ. ಮಾದರಿ ಕಾಯ್ದೆಯಲ್ಲಿ ಮನೆ ವಾಪಸ್ ತಗೊಳೋ ಹೊತ್ತಿಗೇ ಬಾಕಿ ಕಳೆದು ಡೆಪಾಸಿಟ್ ಕೊಡಬೇಕು ಅಂತ ಇದೆ, ಒಳ್ಳೇದೇ. ಬಾಕಿ ಎಷ್ಟು ಅಂತ ಅಳೆಯೋಕೆ ಬಂದ ದಿನದ ಮತ್ತು ಹೋಗೋ ದಿನದ ಜಂಟಿ ಪಟ್ಟಿ ಕಡ್ಡಾಯ ಆಗದಿದ್ರೆ ಆ ಸಾಲಿನ ಬಲ ಅರ್ಧಕ್ಕರ್ಧ ಹೋಗತ್ತೆ. ಕರ್ನಾಟಕ ಮುಂದೆ ಯಾವತ್ತಾದ್ರೂ ಈ ಕಾಯ್ದೆನ ತನ್ನದಾಗಿ ಮಾಡ್ಕೊಳೋವಾಗ ಸೇರಿಸಲೇಬೇಕಾದ ಒಂದು ಅಂಶ ಯಾವುದು ಅಂತ ಕೇಳಿದ್ರೆ ಇದೇ, ಇದಕ್ಕೆ ಸರ್ಕಾರಕ್ಕೆ ಒಂದು ರೂಪಾಯಿ ಖರ್ಚೂ ಇಲ್ಲ.

ಕಾನೂನು ಬರೋವರೆಗೆ ಕೈಲಿರೋದು

ಯಾವ ಕಾಯ್ದೆನೂ ಇಲ್ಲದೆ ಇವತ್ತೇ ಮಾಡಬಹುದಾದ್ದು ಇದು. ಕೀ ಸಿಕ್ಕ ದಿನ, ಸಾಮಾನು ಇಳಿಸೋಕೆ ಮುಂಚೆ, ಮನೆ ಖಾಲಿ ಇರೋವಾಗಲೇ ಹಗಲು ಬೆಳಕಲ್ಲಿ ಒಂದು ಸುತ್ತು ಹಾಕಿ. ಪ್ರತಿ ನಲ್ಲಿ ತಿರುಗಿಸಿ, ಫ್ಲಷ್ ಒತ್ತಿ, ಗೀಸರ್ ಹತ್ತು ನಿಮಿಷ ಆನ್ ಮಾಡಿ ನೋಡಿ, ಎಲ್ಲಾ ಸ್ವಿಚ್ ಹಾಕಿ, ಸಿಂಕ್ ಕೆಳಗೆ ಕೈ ಹಾಕಿ ಪ್ಲೈವುಡ್ ಮೆತ್ತಗಾಗಿದೆಯಾ ನೋಡಿ, ಕಿಟಕಿ ಕೆಳಗಿನ ಮೂಲೆ, ಬಾತ್ರೂಮ್ ಹಿಂದಿನ ಗೋಡೆ ಈ ಎರಡು ಕಡೆ ತೇವದ ಗುರುತು ಹುಡುಕಿ, ಬಚ್ಚಿಟ್ಟ ಸೀಪೇಜ್ ಇದ್ರೆ ಮೊದಲು ಕಾಣೋದು ಅಲ್ಲೇ. ಹೊಸ ಬಣ್ಣದ ವಾಸನೆ ಇದ್ರೆ ಯಾವ ತಿಂಗಳು ಹೊಡೆಸಿದ್ದು ಅಂತ ಕೇಳಿ ಬರ್ಕೊಳಿ. ಒಂದೇ ಉದ್ದದ ವೀಡಿಯೋಲಿ ಇಡೀ ಮನೆ, ಆಮೇಲೆ ತೊಂದರೆ ಇರೋ ಜಾಗಗಳ ಹತ್ತಿರದ ಫೋಟೋ, ಬೆಸ್ಕಾಂ ಮೀಟರ್ ರೀಡಿಂಗ್ ಫೋಟೋ, ಆರ್‌ಆರ್ ನಂಬರ್, ಅಂದ್ರೆ ಕರೆಂಟ್ ಕನೆಕ್ಷನ್ ನಂಬರ್, ಕಾಣೋ ಹಾಗೆ.

ಇದನ್ನೆಲ್ಲ ಒಂದು ಪುಟದಲ್ಲಿ ಬರೆದು ಅಗ್ರಿಮೆಂಟಿಗೆ ಸೇರಿಸಿ ಇಬ್ಬರೂ ಸೈನ್ ಹಾಕೋದು ಎಲ್ಲಕ್ಕಿಂತ ಒಳ್ಳೇದು. ಓನರ್ ಸೈನ್ ಹಾಕೋಕೆ ಹಿಂಜರಿದ್ರೆ ಅದೇ ದಿನ ಫೋಟೋ ಸಮೇತ ಇಮೇಲ್ ಮಾಡಿ, ಸಾರ್ ಇವತ್ತು ಮನೆ ತಗೊಂಡಾಗ ಇದೆಲ್ಲ ಹೀಗಿತ್ತು, ಏನಾದ್ರೂ ಬೇರೆ ಇದ್ರೆ ತಿಳಿಸಿ ಅಂತ ಮರ್ಯಾದೆಯಿಂದ ಬರೀರಿ. ವಾಟ್ಸಾಪಲ್ಲಿ ಫೋಟೋ ಆಗಿ ಕಳಿಸಿದ್ರೆ ಅದು ಕುಗ್ಗತ್ತೆ, ತೆಗೆದ ದಿನಾಂಕದ ವಿವರವೂ ಹೋಗತ್ತೆ, ಅದರಿಂದ ಡಾಕ್ಯುಮೆಂಟ್ ಆಗಿ ಕಳಿಸಿ, ಮೂಲ ಫೈಲು ಫೋನಲ್ಲೇ ಇರಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇಂಥ ಡಿಜಿಟಲ್ ದಾಖಲೆನ ಕೋರ್ಟಿಗೆ ಕೊಡಬೇಕಂದ್ರೆ ಸರ್ಟಿಫಿಕೇಟ್ ಬೇಕು, ಮೂಲ ಫೈಲು ಇದ್ರೆ ಅದು ಸಲೀಸು.

ಓನರ್‌ಗಳಿಗೂ ಇದು ಅಷ್ಟೇ ಉಪಯೋಗ. ಕಿಚನ್ ಹೊಸದಾಗಿ ಮಾಡಿಸಿದ್ದು ಅಂತ ಬಿಲ್ಲು, ಫೋಟೋ ಇದ್ರೆ ಹಾಳು ಮಾಡಿದೋರು ಇಲ್ಲ ಅನ್ನೋಕಾಗಲ್ಲ. ವರ್ಷಕ್ಕೊಂದು ಸಲ ಮೊದಲೇ ಹೇಳಿ ಬಂದು ನೋಡಿ ಹೋದ್ರೆ ಸೀಪೇಜು, ನಲ್ಲಿ ಸೋರೋದು ಸಣ್ಣದಿದ್ದಾಗಲೇ ಸಿಗತ್ತೆ, ಮೂರು ವರ್ಷದ್ದೆಲ್ಲ ಕೊನೇ ದಿನ ಒಟ್ಟಿಗೆ ಹೊರಗೆ ಬರಲ್ಲ. ಖಾಲಿ ಮಾಡ್ತೀವಿ ಅಂತ ನೋಟಿಸ್ ಕೊಟ್ಟ ಮೇಲೆ, ಸಾಮಾನು ಹೋಗೋಕೆ ಎರಡು ವಾರ ಮುಂಚೆ ಇಬ್ಬರೂ ಹಳೇ ಪಟ್ಟಿ ಹಿಡ್ಕೊಂಡು ಒಂದು ಸಲ ನೋಡಿದ್ರೆ ಕೊನೇ ದಿನಕ್ಕೆ ಉಳಿಯೋದು ಕೀ ಮತ್ತು ಮೀಟರ್ ರೀಡಿಂಗ್ ಅಷ್ಟೇ. ಗೃಹಜ್ಯೋತಿ ತಗೊಂಡಿರೋರು ಆ ಮನೆಯ ಆರ್‌ಆರ್ ನಂಬರಿಂದ ಡಿಲಿಂಕ್ ಮಾಡಿಸೋದನ್ನೂ ಅವತ್ತೇ ಮುಗಿಸ್ಬೇಕು, ಇಲ್ಲಾಂದ್ರೆ ಹೊಸ ಮನೆಲಿ ಅರ್ಜಿ ಹಾಕೋಕೆ ತೊಂದರೆ ಆಗತ್ತೆ.

ಇಷ್ಟಾದ್ರೂ ದುಡ್ಡು ಬರದಿದ್ರೆ

ಮೊದಲು ಯಾವುದಕ್ಕೆ ಎಷ್ಟು ಹಿಡಿದ್ರಿ ಅಂತ ಬಿಡಿಬಿಡಿಯಾಗಿ, ಬಿಲ್ ಸಮೇತ ಬರವಣಿಗೆಲಿ ಕೇಳಬೇಕು. ಉತ್ತರ ಬರದಿದ್ರೆ ವಕೀಲರ ಮೂಲಕ ಲೀಗಲ್ ನೋಟಿಸ್, ಎಷ್ಟೋ ಕೇಸು ಇಲ್ಲೇ ಮುಗಿಯತ್ತೆ. ಪೊಲೀಸ್ ಸ್ಟೇಷನ್‌ಗೆ ಹೋದ್ರೆ ಇದು ಸಿವಿಲ್ ವಿಷಯ ಅಂತ ಸಾಮಾನ್ಯವಾಗಿ ವಾಪಸ್ ಕಳಿಸ್ತಾರೆ, ಅದು ತಪ್ಪೂ ಅಲ್ಲ. ಸಿವಿಲ್ ಕೋರ್ಟಲ್ಲಿ ದುಡ್ಡು ವಸೂಲಿಗೆ ಮೂರು ವರ್ಷದೊಳಗೆ ಹೋಗಬೇಕು, ಆದ್ರೆ 40 ಸಾವಿರಕ್ಕೆ ವರ್ಷಗಟ್ಟಲೆ ಕೋರ್ಟು ಅಲೆಯೋದು ಹೆಚ್ಚಿನೋರಿಗೆ ಲೆಕ್ಕಕ್ಕೆ ಬರಲ್ಲ. ಅದಕ್ಕಿಂತ ಹಗುರವಾದ ದಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಕೇಸು ಹಾಕೋ ಮುಂಚೆನೇ ಅಲ್ಲಿ ಅರ್ಜಿ ಕೊಟ್ರೆ ಇಬ್ಬರನ್ನೂ ಕರೆಸಿ ರಾಜಿಗೆ ಪ್ರಯತ್ನ ಮಾಡ್ತಾರೆ, ಕೋರ್ಟ್ ಫೀ ಇಲ್ಲ, ಲೋಕ ಅದಾಲತ್‌ನಲ್ಲಿ ಒಪ್ಪಂದ ಆದ್ರೆ ಅದಕ್ಕೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಮೇಲೆ ಅಪೀಲೂ ಇಲ್ಲ. ಇಬ್ಬರೂ ಒಪ್ಪಿದ್ರೆ ಮಾತ್ರ ಅಲ್ಲಿ ಬಗೆಹರಿಯೋದು ಅನ್ನೋದು ಅದರ ಮಿತಿ. ಎದುರಿಗೆ ಕೂತ ಓನರ್ ಮುಂದೆ ಮೊದಲ ದಿನದ ಸೈನ್ ಆಗಿರೋ ಪಟ್ಟಿ ಇಟ್ರೆ ಆ ಒಪ್ಪಿಗೆ ಬೇಗ ಬರತ್ತೆ, ಪಟ್ಟಿ ಇಲ್ಲದಿದ್ರೆ ಅಲ್ಲೂ ಮಧ್ಯದ ಒಂದು ಮೊತ್ತಕ್ಕೆ ಬಿಟ್ಟುಕೊಟ್ಟು ಬರಬೇಕಾಗತ್ತೆ.